ಎರಡೇ ಪೆಡಲಿನ ಕಾರು

ನನ್ನ ಅಮ್ಮ ಮಂಗಳೂರಿನ ಕುಲಶೇಖರದ ಏರನ್ನು ತಿಂಗಳುಗಟ್ಟಲೆ ಹಿಂದುಹಿಂದಾಗಿ ಹತ್ತಿದವಳು. ನಡೆದುಕೊಂಡಲ್ಲ, ಕಾರಿನಲ್ಲಿ. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ಅಜ್ಜಿ ಬುರುಡೆ ಬಿಡುತ್ತಾಳೆ ಎಂದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ನಗಲಿ ಬಿಡಿ. ಆ ಕಾರಿನ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಕೂತು, "ಅಮ್ಮ, ಎಡಗಡೆ ದನ ಉಂಟು" ಎಂದು ಕೂಗುತ್ತಿದ್ದವಳು ನಾನು. ನೋಡಿದವಳ ಮಾತಿಗಿಂತ ನೋಡದವರ ನಗು ದೊಡ್ಡದೇ?

ಕಾರು ನಮ್ಮ ಸೋದರಮಾವನದು. ಅಂದರೆ ಅಮ್ಮನ ಅಣ್ಣನದು. ನಮ್ಮದು ಅಳಿಯಕಟ್ಟಿನ ಮನೆ; ಹೆಣ್ಣುಮಕ್ಕಳು ಮದುವೆಯಾದ ಮೇಲೂ ತವರಿನಲ್ಲೇ ಇರುವುದು, ಮನೆಯ ಯಜಮಾನಿಕೆ ಸೋದರಮಾವನಿಗೆ, ಅವನ ನಂತರ ಎಲ್ಲವೂ ಅವನ ತಂಗಿಯ ಮಕ್ಕಳಿಗೆ. ನನ್ನ ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದು ಬೇಸಿಗೆಯಲ್ಲಿ ಮಾತ್ರ ಬರುತ್ತಿದ್ದರು. ಹಾಗಾಗಿ ದೇರೆಬೈಲಿನ ನಮ್ಮ ಮನೆಯಲ್ಲಿ ಮಾವ ಹೇಳಿದ್ದೇ ಮಾತು. ಅವರಿಗೆ ಬಂದರಿನಲ್ಲಿ ಅಕ್ಕಿಯ ವ್ಯಾಪಾರ. ಊರಿನಲ್ಲಿ ಗದ್ದೆ ಇತ್ತು, ಆದರೆ ಮಾವನ ಮನಸ್ಸೆಲ್ಲ ಪೇಟೆಯಲ್ಲಿ. ಹಂಚಿನ ಕಾರ್ಖಾನೆಯೊಂದರ ದೊರೆ ತನ್ನ ದೇಶಕ್ಕೆ ಹಿಂದಿರುಗುವಾಗ ಮಾರಿದ ಅಮೇರಿಕದ ದೊಡ್ಡ ಕಾರನ್ನು ಮಾವ ಕೊಂಡು ತಂದದ್ದು ಐವತ್ತರ ದಶಕದ ನಡುವಿನಲ್ಲಿ. ಆಗಲೇ ಅದು ಹಳೆಯದು. ಕಡು ಹಸಿರು ಬಣ್ಣ, ಮುಂದಿನ ಸೀಟು ಅಂದರೆ ನಮ್ಮ ಚಾವಡಿಯ ಮಂಚದಷ್ಟು ಅಗಲ.

ತಂದ ಮೇಲೆ ಗೊತ್ತಾಯಿತು, ಅದಕ್ಕೆ ಕ್ಲಚ್ ಇಲ್ಲ. ಎರಡೇ ಪೆಡಲು, ಬ್ರೇಕು ಮತ್ತು ಆಕ್ಸಿಲರೇಟರು. ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಒಂದು ಅಕ್ಷರದ ಎದುರಿಗೆ ತಂದು ಬಿಟ್ಟರೆ ಆಯಿತು, ಉಳಿದ ಗೇರುಗಳನ್ನು ಕಾರು ತಾನೇ ಬದಲಿಸಿಕೊಳ್ಳುತ್ತದೆ. ಮಂಗಳೂರಿನಲ್ಲಿ ಅಂಥದ್ದನ್ನು ಕಂಡವರೇ ಕಡಿಮೆ. ಮಾವನಿಗೆ ಡ್ರೈವಿಂಗ್ ಬಾರದು. ಲಾರಿ ಓಡಿಸಿ ಪಳಗಿದ ಒಬ್ಬ ಡ್ರೈವರನ್ನು ಇಟ್ಟರು. ಅವನ ಎಡಗಾಲು ಸುಮ್ಮನಿರಬೇಕಲ್ಲ? ಗೇರು ಬದಲಿಸಬೇಕೆಂದು ಅವನಿಗೆ ಅನಿಸಿದಾಗಲೆಲ್ಲ ಅದು ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಆ ಅಗಲವಾದ ಬ್ರೇಕನ್ನು ಬಲವಾಗಿ ಮೆಟ್ಟುತ್ತಿತ್ತು. ಒಳಗಿದ್ದವರೆಲ್ಲ ಹೋಗಿ ಎದುರಿನ ಗಾಜಿಗೋ ಸೀಟಿಗೋ ಬಡಿಯುತ್ತಿದ್ದರು. ಮಾವನ ಹಣೆಯಲ್ಲಿ ಬುಗುಟು ಎದ್ದ ದಿನ ಡ್ರೈವರು, ಇದು ಕಾರೇ ಅಲ್ಲ ಧಣಿಗಳೇ, ಎಂದು ಹೇಳಿ ಹೊರಟುಹೋದ. ಕಾರು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಕೋಳಿಗಳಿಗೆ ನೆರಳಾಯಿತು.

ಒಂದು ಮಧ್ಯಾಹ್ನ ಅಮ್ಮ ಹೋಗಿ ಅದರಲ್ಲಿ ಕೂತಳು.

ಇಲ್ಲಿ ನಾನು ಅಮ್ಮನ ಕಾಲಿನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಯಾರೂ ಹೇಳದ ವಿಷಯ ಅದು. ಸಣ್ಣವಳಿದ್ದಾಗ ಬಂದ ಒಂದು ಜ್ವರ ಅವಳ ಎಡಗಾಲಿನ ಬಲವನ್ನು ತೆಗೆದುಕೊಂಡು ಹೋಗಿತ್ತು. ಮೊಣಕಾಲಿಗೆ ಎಡಗೈ ಒತ್ತಿ, ಹೆಜ್ಜೆ ಹೆಜ್ಜೆಗೂ ಬಾಗಿ ಏಳುತ್ತಾ ನಡೆಯುತ್ತಿದ್ದಳು. ಅವಳನ್ನು ಯಾರಾದರೂ ಕುಂಟಿ ಎಂದಾರು ಎಂಬ ಹೆದರಿಕೆಯಲ್ಲಿ ನನ್ನ ಅಜ್ಜಿ ಮನೆಗೇ ಒಂದು ಕಟ್ಟು ಮಾಡಿದ್ದರಂತೆ: ಈ ಹುಡುಗಿಯ ಕಾಲಿನ ಮಾತು ಯಾರ ಬಾಯಲ್ಲೂ ಬರಬಾರದು. ಆಡಿದವರಿಗೆ ಆ ಹೊತ್ತು ಊಟ ಇಲ್ಲ. ಕೆಲಸದವರಿಗೂ ಅದೇ ಕಟ್ಟು, ನೆಂಟರಿಗೂ ಅದೇ. ಅಜ್ಜಿ ತೀರಿಹೋದ ಮೇಲೂ ಅದು ಸಡಿಲಾಗಲಿಲ್ಲ. ಅದನ್ನು ಎಲ್ಲರಿಗಿಂತ ಬಿಗಿಯಾಗಿ ಪಾಲಿಸಿದವರು ಮಾವ. ತಂಗಿ ಮೆಟ್ಟಿಲು ಹತ್ತುವಾಗ ಅವರು ತೆಂಗಿನ ಮರದ ತುದಿ ನೋಡುತ್ತಾ ನಿಲ್ಲುತ್ತಿದ್ದರು. ನನಗಂತೂ ಶಾಲೆಗೆ ಸೇರುವವರೆಗೆ, ಅಮ್ಮ ಆದವರೆಲ್ಲ ಮೊಣಕಾಲಿಗೆ ಕೈ ಒತ್ತಿಯೇ ನಡೆಯುವುದೆಂದು ಗ್ರಹಿಕೆ.

ಅಮ್ಮ ಟೀಚರ್ ಟ್ರೈನಿಂಗ್ ಮುಗಿಸಿದವಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಕಲಿತದ್ದು ಕಲಿತ ಹಾಗೆಯೇ ಪೆಟ್ಟಿಗೆಯಲ್ಲಿತ್ತು. ಬಸ್ಸಿನ ಮೆಟ್ಟಿಲು ಅವಳಿಗೆ ಎತ್ತರ. ಜಟಕಾ ಹತ್ತಬೇಕಾದರೆ ಇಬ್ಬರು ಎತ್ತಿ ಕೂರಿಸಬೇಕು, ಅದು ಅವಳಿಗೆ ಸಾವಿಗೆ ಸಮ. ಈ ಎರಡು ಪೆಡಲಿನ ಕಾರಿನಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ ಎಂಬುದನ್ನು ಮನೆಯಲ್ಲಿ ಲೆಕ್ಕ ಹಾಕಿದವಳು ಅವಳೊಬ್ಬಳೇ. ಕೋಳಿಗಳನ್ನು ಓಡಿಸಿ, ಕಡ್ಡಿ ಜಗ್ಗಿ, ಅಂಗಳದಲ್ಲಿ ಒಂದು ಸುತ್ತು ಬಂದಳು. ಬೈಹುಲ್ಲಿನ ಮೆದೆಗೆ ಒಮ್ಮೆ ಗುದ್ದಿದಳು. ಮಾವ ಜಗಲಿಯಿಂದ ನೋಡುತ್ತಿದ್ದವರು ಒಳಗೆ ಹೋಗಿ, ಮರುದಿನ ಹುಲ್ಲಿನ ಮೆದೆಯನ್ನು ಆಚೆಗೆ ಸರಿಸುವಂತೆ ಆಳುಗಳಿಗೆ ಹೇಳಿದರು. ಮಾವನ ಪ್ರೀತಿ ಯಾವಾಗಲೂ ಹೀಗೆ, ಬಾಯಿ ಇಲ್ಲದ್ದು.

ಆ ವರ್ಷವೇ ಅಮ್ಮ ಕುಲಶೇಖರದ ಹುಡುಗಿಯರ ಶಾಲೆಯೊಂದಕ್ಕೆ ಲೆಕ್ಕದ ಟೀಚರ್ ಆಗಿ ಸೇರಿದಳು. ಬೆಳಿಗ್ಗೆ ಸೀರೆಗೆ ಪಿನ್ನು ಸಿಕ್ಕಿಸಿ, ಕಾರಿನ ಬಾಗಿಲು ತೆಗೆದು, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟು, ಬಾಗಿಲು ಹಾಕಿಕೊಂಡರೆ ಅವಳು ಬೇರೆಯೇ ಹೆಂಗಸು. ನೆಲದ ಮೇಲೆ ಬಾಗಿ ನಡೆಯುವವಳು ಅಲ್ಲಿ ನೆಟ್ಟಗೆ ಕೂರುತ್ತಿದ್ದಳು. ಸೈಕಲ್ಲಿನವರು ದಾರಿ ಬಿಡುತ್ತಿದ್ದರು. ನಾನೂ ಅದೇ ಶಾಲೆ. ದಾರಿಯಲ್ಲಿ ಸಿಗುವ ಮಕ್ಕಳನ್ನೂ ಹತ್ತಿಸಿಕೊಳ್ಳುತ್ತಿದ್ದೆವು. ಅಮ್ಮನ ಪಕ್ಕದ ಸೀಟು ನನ್ನದೆಂದು ನಾನು ಎಷ್ಟು ಜನರ ಜೊತೆ ಜಗಳ ಮಾಡಿದ್ದೇನೋ. ಜಗಳ ಮಾಡುವುದರಲ್ಲಿ ನಾನು ಆಗಲೂ ಹಿಂದೆ ಬಿದ್ದವಳಲ್ಲ.

ಅರವತ್ತನೇ ಇಸವಿ ದಾಟಿದ ಮೇಲೆ ಕಾರಿಗೆ ಮುಪ್ಪು ಬಂತು. ಎಂಜಿನ್ ಚೆನ್ನಾಗಿಯೇ ಇತ್ತು, ತೊಂದರೆ ಆ ತಾನೇ ಬದಲಾಗುವ ಗೇರಿನದು. ಸಮತಟ್ಟಿನಲ್ಲಿ ಓಡುತ್ತದೆ. ಏರು ಬಂತೋ, ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಚಕ್ರ ಮಾತ್ರ ತನಗೆ ಸಂಬಂಧವೇ ಇಲ್ಲದ ಹಾಗೆ ಇರುತ್ತದೆ. ಕೂಳೂರಿನ ಸೇತುವೆಯವರೆಗೆ ಆರಾಮವಾಗಿ ಹೋಗಿ ಬರಬಹುದು. ಆದರೆ ಶಾಲೆ ಕೂಳೂರಿನಲ್ಲಿಲ್ಲವಲ್ಲ. ಮಂಗಳೂರಿನಲ್ಲಿ ಗುಡ್ಡ ಹತ್ತದೆ ಎಲ್ಲಿಗೆ ಹೋಗುವುದು?

ಪೇಟೆಯ ವರ್ಕ್‌ಶಾಪಿನ ಮೆಕ್ಯಾನಿಕ್ ಲಾರಿ, ಜೀಪುಗಳಲ್ಲಿ ಎತ್ತಿದ ಕೈ. ಅವನು ಕಾರಿನ ಅಡಿಗೆ ನುಗ್ಗಿ ನೋಡಿ, ಎದ್ದು ಕೈ ಒರೆಸಿಕೊಂಡು, ಗೇರಿನ ಪೆಟ್ಟಿಗೆಯೊಳಗಿನ ಎಣ್ಣೆ ಸೋರಿಹೋಗಿದೆ, ಇದಕ್ಕೆ ಬೇಕಾದ ತೆಳು ಎಣ್ಣೆ ಇಲ್ಲಿ ಸಿಗುವುದಿಲ್ಲ, ಗೇರನ್ನು ಹಿಡಿದೆಳೆಯುವ ಒಳಗಿನ ಪಟ್ಟಿಗಳೂ ಸವೆದಿವೆ, ಹೊಸದು ಸಿಗುವ ಮಾತಂತೂ ಕೇಳುವುದೇ ಬೇಡ ಎಂದ. ಲಾರಿಯ ಗೇರಿನ ದಪ್ಪ ಎಣ್ಣೆ ಹಾಕಿ ನೋಡಿದ. ಕಾರು ನಿಂತಲ್ಲಿಂದ ಅಲುಗಾಡಲಿಲ್ಲ, ಅದನ್ನು ತೆಗೆದ. ಆಗ ಮಾವನಿಗೆ ಒಂದು ಉಪಾಯ ಹೊಳೆಯಿತು. ಬಂದರಿನಲ್ಲಿ ದೋಣಿಯವರು ಮರಕ್ಕೆ ಹಚ್ಚುತ್ತಿದ್ದ ಬೂತಾಯಿ ಮೀನಿನ ಎಣ್ಣೆಯ ಮೇಲೆ ಅವರಿಗೆ ಎಲ್ಲಿಲ್ಲದ ನಂಬಿಕೆ. ದೋಣಿಗೆ ಆಗುವುದು ಕಾರಿಗೆ ಏಕೆ ಆಗಬಾರದು ಎಂದು ಒಂದು ಡಬ್ಬಿ ತಂದು ಹೊಯ್ಯಿಸಿಯೇ ಬಿಟ್ಟರು. ಸತ್ಯ ಹೇಳುತ್ತೇನೆ, ಒಂದು ವಾರ ಕಾರು ಚೆನ್ನಾಗಿಯೇ ಓಡಿತು. ಆದರೆ ಆ ನಾತ. ಹೋದಲ್ಲೆಲ್ಲ ಬೆಕ್ಕುಗಳು. ಶಾಲೆಯ ಮರದಡಿ ಕಾರು ನಿಲ್ಲಿಸಿದರೆ, ಸೋರಿದ ಎಣ್ಣೆ ನೆಕ್ಕಲು ಕುಲಶೇಖರದ ಬೆಕ್ಕಿನ ಸಂಸಾರವೆಲ್ಲ ಅಡಿಯಲ್ಲಿ ಸೇರುತ್ತಿತ್ತು. ಹುಡುಗಿಯರು ಮೂಗು ಮುಚ್ಚಿಕೊಂಡು ನಗುತ್ತಿದ್ದರು, ನಾನು ಅವರ ಜಡೆ ಎಳೆಯುತ್ತಿದ್ದೆ. ವಾರ ಕಳೆದ ಮೇಲೆ ಎಣ್ಣೆ ಕಾದು ಅಂಟಾಗಿ ಮೊದಲಿನ ಕಥೆಯೇ ಆಯಿತು.

ಒಂದು ಬೆಳಿಗ್ಗೆ ಕುಲಶೇಖರದ ಏರಿನ ನಡುವಿನಲ್ಲಿ ಕಾರು ಕೈಕೊಟ್ಟಿತು. ಹಿಂದೆ ಮಕ್ಕಳು ಚೀರಾಡುತ್ತಿದ್ದವು. ಅಮ್ಮ ಬ್ರೇಕ್ ಸ್ವಲ್ಪ ಸ್ವಲ್ಪ ಬಿಟ್ಟು ಕಾರನ್ನು ಕೆಳಗಿನ ಸಮತಟ್ಟಿನವರೆಗೆ ಇಳಿಸಿ ನಿಲ್ಲಿಸಿದಳು. ಬೋರ್ಡಿನ ಮೇಲಿನ ಲೆಕ್ಕ ನೋಡುವ ಹಾಗೆ ಸ್ವಲ್ಪ ಹೊತ್ತು ಎದುರಿಗೆ ನೋಡಿದಳು. ಆಮೇಲೆ ಕಾರನ್ನು ತಿರುಗಿಸಿ ಅದರ ಬೆನ್ನನ್ನು ಏರಿನ ಕಡೆಗೆ ಮಾಡಿ, ಕಡ್ಡಿಯನ್ನು ರಿವರ್ಸಿಗೆ ತಂದಳು. ಮುಂದಕ್ಕೆ ಎಳೆಯುವ ಪಟ್ಟಿ ಸವೆದಿದ್ದರೆ ಹಿಂದಕ್ಕೆ ಎಳೆಯುವುದೂ ಸವೆದಿರಬೇಕೆಂದು ಎಲ್ಲಿ ಉಂಟು, ಎಂದು ತನಗೆ ತಾನೇ ಹೇಳಿಕೊಂಡದ್ದು ನನಗೆ ಕೇಳಿತು. ಕಾರು ಗುರುಗುಟ್ಟಿಕೊಂಡು ಹಿಂದುಹಿಂದಾಗಿ ಏರು ಹತ್ತಿತು, ಒಂದು ಸಲವೂ ಜಾರದೆ.

ಅಂದಿನಿಂದ ಅದೇ ಪದ್ಧತಿ. ಏರಿನ ಬುಡದಲ್ಲಿ ಕಾರು ತಿರುಗಿಸುವುದು, ಎಡಗೈಯನ್ನು ಸೀಟಿನ ಮೇಲೆ ಚಾಚಿ, ಕುತ್ತಿಗೆ ಹೊರಳಿಸಿ, ಹಿಂದಿನ ಗಾಜಿನಲ್ಲಿ ದಾರಿ ನೋಡುತ್ತಾ ಹತ್ತುವುದು. ನಾವು ಮಕ್ಕಳು ಹಿಂದಿನ ಸೀಟಿನಲ್ಲಿ ಹಿಂದೆ ಮುಖ ಮಾಡಿ ಕೂತು ದನ, ಸೈಕಲ್ಲು, ಎತ್ತಿನಗಾಡಿಗಳ ವರದಿ ಒಪ್ಪಿಸುವುದು. ಮೊದಲ ದಿನಗಳಲ್ಲಿ ಬೀದಿಯೇ ನಿಂತು ನಕ್ಕಿತು. ಅಮ್ಮ ಅತ್ತ ಕಣ್ಣೂ ಹಾಯಿಸಲಿಲ್ಲ. ನಗುವವರಿಗೆ ಎಷ್ಟು ದಿನ ನಗುವುದಕ್ಕಾಗುತ್ತದೆ? ಆಮೇಲೆ ಅವರೇ ದಾರಿ ಬಿಡತೊಡಗಿದರು. ಏರಿನ ಅರ್ಧದಲ್ಲಿ ಒಬ್ಬ ಬ್ಯಾರಿ ಸಾಹೇಬರ ದಿನಸಿ ಅಂಗಡಿ ಇತ್ತು. ಅವರ ಮಗಳು ಅಮ್ಮನ ಕ್ಲಾಸು. ಅವರು ಹೊತ್ತಿಗೆ ಸರಿಯಾಗಿ ಕೊಡೆ ಹಿಡಿದು ರಸ್ತೆಗಿಳಿದು, ಅದನ್ನು ಅಡ್ಡ ಚಾಚಿ ಗಾಡಿಗಳನ್ನು ತಡೆದು ನಿಲ್ಲಿಸುತ್ತಿದ್ದರು. ಯಾವ ಮಂತ್ರಿಗೂ ಸಿಗದ ಮರ್ಯಾದೆ ಅದು. ಅಮ್ಮನನ್ನು ನಾನು ಆಗ ನೋಡಿದ ಹಾಗೆ ಲೋಕದಲ್ಲಿ ಇನ್ನೊಬ್ಬರನ್ನು ನೋಡಿಲ್ಲ. ಕುತ್ತಿಗೆಯ ನರ ಬಿಗಿದು ನಿಲ್ಲುತ್ತಿತ್ತು, ಮುಖದಲ್ಲಿ ಮಾತ್ರ ಒಂದಿಷ್ಟೂ ಗಲಿಬಿಲಿ ಇಲ್ಲ.

ಮಾವನಿಗೆ ಇದು ಬಂದರಿನಲ್ಲಿ ಗೊತ್ತಾಯಿತು. ನಿಮ್ಮ ತಂಗಿ ಶಾಲೆಗೆ ಬೆನ್ನು ಹಾಕಿಕೊಂಡು ಹೋಗುತ್ತಾರಂತಲ್ಲ ಎಂದು ಯಾರೋ ತಮಾಷೆ ಮಾಡಿದರಂತೆ.  ದಸರಾ ರಜೆ ಸಿಕ್ಕಿದಾಗ ಮಾವ, ಎಣ್ಣೆ ಬದಲಿಸಿ ತರುತ್ತೇನೆ ಎಂದು ಕಾರನ್ನು ವರ್ಕ್‌ಶಾಪಿಗೆ ಸಾಗಿಸಿದರು. ಮೆಕ್ಯಾನಿಕ್ ಅವರಿಗೆ ಒಂದು ದಾರಿ ಹೇಳಿದ್ದ: ಈ ಪೆಟ್ಟಿಗೆಯನ್ನೇ ಕಿತ್ತು ಮಿಲಿಟರಿ ಜೀಪಿನ ಗೇರ್‌ಬಾಕ್ಸ್ ಕೂರಿಸುವುದು. ಒಂದು ಕ್ಲಚ್ ಪೆಡಲು ಬರುತ್ತದೆ, ಅಷ್ಟೇ ವ್ಯತ್ಯಾಸ. ಓಡಿಸುವವರಿಗೆ ಕ್ಲಚ್ಚಿನ ಅಭ್ಯಾಸ ಉಂಟಾ ಎಂದು ಅವನು ಕೇಳಿದಾಗ ಮಾವ, ಓಡಿಸುವುದು ನನ್ನ ತಂಗಿ, ಅವಳಿಂದ ಆಗದ್ದು ಯಾವುದೂ ಇಲ್ಲ ಎಂದರಂತೆ. ಇದನ್ನು ಮೆಕ್ಯಾನಿಕ್ಕೇ ಆಮೇಲೆ ನಮಗೆ ಹೇಳಿದ್ದು.

ಮಾವ ನೆನಪಿದ್ದೂ ಹೇಳಲಾರದೆ ಹೋದರೋ, ನಿಜವಾಗಿ ಮರೆತರೋ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಒಂದು ಕಾಲನ್ನು ಜೀವಮಾನವಿಡೀ ನೋಡಬಾರದೆಂದು ಪಣ ತೊಟ್ಟವರಿಗೆ ಕೊನೆಗೆ ಅದು ಕಾಣದೆಯೇ ಹೋಗುತ್ತದೆ ಎಂದು ನನಗನಿಸುತ್ತದೆ. ನಮ್ಮ ಮನೆಯವರಿಗೆ ಮಾತ್ರ ಆಗಬಹುದಾದ ತಪ್ಪು ಅದು.

ರಜೆ ಮುಗಿಯುವ ಮೊದಲು ಕಾರು ಮನೆಗೆ ಬಂತು. ಮೆಕ್ಯಾನಿಕ್ ಓಡಿಸಿಕೊಂಡು ಬಂದು ಕೀಲಿಕೈ ಕೊಟ್ಟು ಹೋದ, ಮಾವ ಹಿಂದೆ ಕೂತು ಬಂದಿದ್ದರು. ಬಾನೆಟ್ಟಿನ ಮೇಲೆ ಮಲ್ಲಿಗೆಯ ಚೆಂಡು. ಮಾವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡದ್ದೇ ಇಲ್ಲ. ಬಾ ಮಾರಾಯ್ತಿ, ಕೂತು ನೋಡು, ಇನ್ನು ಯಾವ ಏರನ್ನಾದರೂ ಮುಂದೆ ನೋಡಿಕೊಂಡೇ ಹತ್ತಬಹುದು ಎಂದು ತಂಗಿಯನ್ನು ಕರೆದರು. ಅಮ್ಮ ಮೊಣಕಾಲಿಗೆ ಕೈ ಒತ್ತಿ ಅಂಗಳಕ್ಕಿಳಿದಳು, ಮಾವ ಅಭ್ಯಾಸದಂತೆ ತೆಂಗಿನ ಮರ ನೋಡಿದರು. ಅವಳು ಕಾಲೆತ್ತಿಟ್ಟು ಕೂತು ಕೆಳಗೆ ನೋಡಿದಳು. ಮೂರು ಪೆಡಲು.

ನನಗೆ ತಲೆ ಕೆಟ್ಟುಹೋಯಿತು. ಅವಳ ಕೆಲಸ, ಅವಳ ಶಾಲೆ, ಆ ನೆಟ್ಟಗಿನ ಬೆನ್ನು, ಎಲ್ಲವೂ ಆ ಮೂರನೆಯ ಕಬ್ಬಿಣದ ತುಂಡಿನ ಕೆಳಗೆ ಹೋಯಿತೆಂದು ನನಗೆ ತಿಳಿಯಿತು. ಮಾವನನ್ನು ಬಾಯಿಗೆ ಬಂದ ಹಾಗೆ ಬೈಯಲು ನಾನು ಬಾಯಿ ತೆರೆದೆ. ಅಮ್ಮ ಕೈ ಸನ್ನೆಯಲ್ಲೇ ನನ್ನನ್ನು ತಡೆದಳು. ಎಡಗಾಲನ್ನು ಕೈಯಲ್ಲೆತ್ತಿ ಕ್ಲಚ್ಚಿನ ಮೇಲೆ ಇಟ್ಟಳು. ಅದು ಅಲ್ಲಿ ಇಟ್ಟ ಹಾಗೆ ಕೂತಿತು. ಪೆಡಲು ಒಂದು ಕೂದಲಿನಷ್ಟೂ ಇಳಿಯಲಿಲ್ಲ.

"ಅಣ್ಣ, ಮರ ನೋಡ್ಬೇಡ. ಇಲ್ಲಿ ನೋಡು," ಎಂದಳು. "ಇದು ನನ್ನ ಎಡಕಾಲು. ಇದಕ್ಕೆ ಬಲ ಇಲ್ಲ. ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತು, ಇನ್ನು ಹೇಳ್ಬಹುದು. ಇವತ್ತು ನಮ್ಗೆ ಊಟ ಇಲ್ಲದಿದ್ರೂ ಅಡ್ಡಿ ಇಲ್ಲ."

ಮಾವ ನೋಡಿದರು.  ತುಳಸಿಕಟ್ಟೆಯ ಬದಿಯಲ್ಲಿ ಕೂತು ಹೆಗಲಿನ ಶಾಲಿನಿಂದ ಮುಖ ಮುಚ್ಚಿಕೊಂಡರು. ನನಗೆ ಮರೆತೇಹೋಯಿತು, ಮರೆತೇಹೋಯಿತು ಎಂದು ಅದನ್ನೇ ಹೇಳುತ್ತಿದ್ದರು. ಬೈಯಬೇಕೆಂದಿದ್ದ ನಾನು ಅಳುತ್ತಾ ನಿಂತೆ.

"ನೀನು ಮರ್ತದ್ದು ನನಗೆ ಸಂತೋಷವೇ," ಎಂದಳು ಅಮ್ಮ. "ಆದ್ರೆ ಕ್ಲಚ್ಚಿಗೆ ಮರೀಲಿಕ್ಕೆ ಆಗುದಿಲ್ಲ ಅಲ್ವಾ."

ಮರುದಿನವೇ ವರ್ಕ್‌ಶಾಪಿನ ಹುಡುಗನೊಬ್ಬನನ್ನು ಕರೆಸಿ, ಅವನು ಓಡಿಸಿದ ಅದೇ ಕಾರಿನಲ್ಲಿ ಅವಳು ವರ್ಕ್‌ಶಾಪಿಗೆ ಹೋದಳು. ಕೆಲಸದವರೆಲ್ಲರ ನಡುವೆ ನಿಂತು, ಸೀರೆಯ ನೆರಿಗೆಯನ್ನು ಒಂದಿಷ್ಟು ಎತ್ತಿ, ಕಾಲು ತೋರಿಸಿ, ಹಳೆಯ ಪೆಟ್ಟಿಗೆಯನ್ನೇ ಮತ್ತೆ ಕೂರಿಸಬೇಕೆಂದು ಹೇಳಿದಳು. ಮೆಕ್ಯಾನಿಕ್ ಪಾಪ ಕೈಮುಗಿದುಬಿಟ್ಟ. ಮೊದಲೇ ಗೊತ್ತಿದ್ದರೆ ಮುಟ್ಟುತ್ತಿರಲಿಲ್ಲ ಎಂದ. ಪುಣ್ಯಕ್ಕೆ ಹಳೆಯದನ್ನು ಅವನು ಗುಜರಿಗೆ ಹಾಕಿರಲಿಲ್ಲ. ಕೂರಿಸಿದರೂ ಮೊದಲಿನ ಹಾಗೆ ಜಾರುತ್ತದಲ್ಲ ಎಂದದ್ದಕ್ಕೆ ಅಮ್ಮ, ರಿವರ್ಸ್ ಉಂಟಲ್ಲ, ಸದ್ಯಕ್ಕೆ ಅದು ಸಾಕು ಎಂದಳು.

ಶಾಲೆ ತೆರೆಯಿತು. ನಾವು ಪುನಃ ಬೆನ್ನು ಹಾಕಿಕೊಂಡು ಏರು ಹತ್ತಿದೆವು. ಅರ್ಧದಲ್ಲಿ ಬ್ಯಾರಿ ಸಾಹೇಬರು ಕೊಡೆ ಚಾಚಿ ನಿಂತವರು ಹತ್ತಿರ ಬಂದು, ರಜೆಯಲ್ಲಿ ರಿಪೇರಿ ಆಯಿತೆಂದು ಕೇಳಿದ್ದೆ, ಎಂತ ಟೀಚರೇ ಪುನಃ ಹೀಗೆ, ಎಂದರು. ಮೊದಲಿನ ಅಮ್ಮನಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದಳು. ಈಗ ಅವಳು ಕಾರು ನಿಲ್ಲಿಸಿ, ತನಗೆ ಎಡಗಾಲಿನಲ್ಲಿ ಕ್ಲಚ್ ಒತ್ತಲು ಆಗುವುದಿಲ್ಲ, ಈ ಗೇರು ಹೋದರೆ ತನ್ನ ಕೆಲಸವೂ ಹೋಯಿತು ಎಂದು ನೇರವಾಗಿ ಹೇಳಿದಳು. ಸಾಹೇಬರು ಕೊಡೆ ಕೆಳಗಿಳಿಸಿ ಕಿಟಕಿಗೆ ಬಗ್ಗಿದರು.

"ನಾನು ನಿಮಗೆ ಈ ಕಾರಿನ ಮೇಲೆ ಪ್ರೀತಿ ಅಂತ ಗ್ರಹಿಸಿದ್ದು ಟೀಚರೇ. ಮೊದಲೇ ಹೇಳ್ಬಾರ್ದಿತ್ತಾ? ನನ್ನ ತಮ್ಮ ಕುವೈಟಿನಲ್ಲಿ ಓಡಿಸುದು ಇಂಥದ್ದೇ ಕಾರು. ಅಲ್ಲಿ ಕ್ಲಚ್ ಇದ್ದದ್ದನ್ನೇ ಹುಡುಕ್ಬೇಕು."

ತಮ್ಮನಿಗೆ ಹೇಳಿ ಕಳಿಸಿದರು. ಊರಿಗೆ ಬರುವ ಯಾರದ್ದೋ ಪೆಟ್ಟಿಗೆಯಲ್ಲಿ, ಬೊಂಬಾಯಿಯ ಮೂಲಕ, ಅಂಗಿಗಳ ನಡುವೆ ಸುತ್ತಿದ ಪಟ್ಟಿಗಳು, ರಬ್ಬರಿನ ಬಳೆಗಳು, ಕೆಂಪು ಶರಬತ್ತಿನ ಬಣ್ಣದ ಎಣ್ಣೆಯ ಡಬ್ಬಿಗಳು ಬಂದು ಮುಟ್ಟಿದವು. ಮೆಕ್ಯಾನಿಕ್ ಪೆಟ್ಟಿಗೆ ಬಿಚ್ಚುವಾಗ ಅಮ್ಮ ಪಕ್ಕದಲ್ಲಿ ಸ್ಟೂಲು ಹಾಕಿ ಕೂತಳು. ಅವನು ಕಳಚಿ ಕೊಟ್ಟದ್ದನ್ನೆಲ್ಲ ಚಾಪೆಯ ಮೇಲೆ ಕ್ರಮವಾಗಿ ಜೋಡಿಸಿಟ್ಟು, ಕೂರಿಸುವಾಗ ಕೊನೆಯದರಿಂದ ಒಂದೊಂದಾಗಿ ಹಿಂದಕ್ಕೆ ಕೊಟ್ಟಳು. ಇಬ್ಬರಿಗೂ ಅದು ಮೊದಲನೆಯ ಸಲ, ಇಬ್ಬರಿಗೂ ಸೋಲಲು ಮನಸ್ಸಿಲ್ಲ. ಅವರಿಬ್ಬರ ಮೇಲೆ ನನಗೆ ಹುಟ್ಟಿದ ಅಭಿಮಾನ ಈಗಲೂ ಹಾಗೆಯೇ ಉಂಟು.

ಕಾರು ಸರಿಯಾದ ಮೊದಲ ದಿನ ಮಾವ ನಾನೂ ಬರುತ್ತೇನೆಂದರು. ಯಾವಾಗಲೂ ಹಿಂದೆ ಕೂರುವ ಯಜಮಾನರು ಅಂದು ತಂಗಿಯ ಪಕ್ಕದಲ್ಲಿ ಕೂತರು. ನನ್ನ ಸೀಟು ಹೋಯಿತು, ನಾನು ಜಗಳ ಮಾಡಲಿಲ್ಲ. ಏರಿನ ಬುಡದಲ್ಲಿ ಅಮ್ಮ ಕಾರು ತಿರುಗಿಸಲಿಲ್ಲ. ಮುಂದೆ ನೋಡಿಕೊಂಡೇ ಹತ್ತಿಸಿದಳು. ಕಾರು ಒಂದೇ ಉಸಿರಿನಲ್ಲಿ ಎಳೆಯಿತು. ಕೊಡೆ ಹಿಡಿದು ಕೆಳಗೆ ಇಳಿದಿದ್ದ ಸಾಹೇಬರು ಕಾರಿನ ಮುಖ ಕಂಡು, ಗಾಡಿ ತಡೆಯುವುದನ್ನು ಮರೆತು, ಕೊಡೆಯನ್ನು ಮೇಲಕ್ಕೆತ್ತಿ ಬೀಸಿದರು.

ಅಂಗಡಿ ದಾಟಿದ ಮೇಲೆ ಮಾವ ರಸ್ತೆಯನ್ನೇ ನೋಡುತ್ತಾ ಕೇಳಿದರು: "ಕಾಲು ನೋಯ್ತದಾ?"

 ಅಮ್ಮನ ಕಣ್ಣು ರಸ್ತೆಯಿಂದ ಸರಿದದ್ದನ್ನು ನಾನು ಕಂಡದ್ದು ಆಗ ಮಾತ್ರ.

"ನೋಯ್ತದೆ ಅಣ್ಣ," ಎಂದಳು. "ದಿನಾ ನೋಯ್ತದೆ. ಸಣ್ಣದಿರುವಾಗಿಂದ."

"ಹೇಳ್ಲೇ ಇಲ್ಲ ನೀನು."

"ಯಾರೂ ಕೇಳ್ಲಿಲ್ಲ ಅಲ್ವಾ."

 ಅದು ನೋಯುತ್ತದೆಂದು ನನಗೂ ಗೊತ್ತಿರಲಿಲ್ಲ. ಏರು ಮುಗಿಯಿತು, ಅಮ್ಮ ಶಾಲೆಯ ಗೇಟಿನ ಎದುರು ಬ್ರೇಕ್ ಒತ್ತಿದಳು. ಮಾವ ಮೊದಲು ಇಳಿದರು. ಕಾರಿನ ಮುಂದಿನಿಂದ ಸುತ್ತಿ ಅವಳ ಕಡೆಗೆ ಬಂದು, ಬಾಗಿಲು ತೆಗೆದು, ಹುಡುಗಿಯರೆಲ್ಲ ನೋಡುತ್ತಿರುವಾಗಲೇ ಬಗ್ಗಿ, ಅವಳ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ನೆಲಕ್ಕೆ ಇಳಿಸಿದರು.